ದೂರಿಲ್ಲದ ಜಾಲ

ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವವನನ್ನು ಎಲ್ಲರೂ ತಂತಿ ಮಾಸ್ತರ ಎನ್ನುತ್ತಿದ್ದರು. ದೂರು ಎಂದರೆ ಅವನಿಗೆ ಮೈಯೆಲ್ಲ ಉರಿ. ಸಂಜೆ ಮನೆಯ ಹೊಸಿಲು ದಾಟುವ ಮುಂಚೆಯೇ, "ಯಾರೂ ಏನೂ ಹೇಳ್ಬೇಡಿ, ಮೊದ್ಲೇ ತಲೆ ಕೆಟ್ಟಿದೆ" ಎಂದು ಅಮ್ಮನಿಗೂ ಹೆಂಡತಿಗೂ ಅಪ್ಪಣೆಯಾಗುತ್ತಿತ್ತು.

ಆಫೀಸಿನಲ್ಲೂ ಅದೇ ಕಾನೂನು. ಜಾಲದ ಯಂತ್ರಗಳು ಒಂದಕ್ಕೊಂದು ಕಳಿಸುವ 'ತಲುಪಲಿಲ್ಲ', 'ದಾರಿಯಿಲ್ಲ' ಎಂಬ ತಪ್ಪಿನ ವರದಿಗಳೆಲ್ಲ ಅವನ ಪರದೆಯ ಮೇಲೆ ಕೆಂಪಗೆ ಸುರಿಯುತ್ತಿದ್ದವು. ಹೊರಗಿನ ಕಳ್ಳರು ಇವುಗಳಿಂದಲೇ ಒಳಗಿನ ಗುಟ್ಟು ತಿಳಿಯುತ್ತಾರೆಂದು ಯಾವುದೋ ಮೀಟಿಂಗಿನಲ್ಲಿ ಕೇಳಿದ್ದೇ ತಡ, ಜಾಲದ ಬಾಗಿಲು ಕಾಯುವ ಫೈರ್‌ವಾಲಿನಲ್ಲಿ ಅಷ್ಟನ್ನೂ ತಡೆದುಬಿಟ್ಟ. ಪರದೆ ಹಸಿರಾಯಿತು. "ನನ್ನ ಜಾಲದಲ್ಲಿ ಒಂದೇ ಒಂದು ದೂರಿಲ್ಲ" ಎಂದು ಮೀಸೆ ತಿರುವಿದ.

ಆ ಮೀಸೆ ಇಳಿದದ್ದು ಅವನ ಅಮ್ಮ ಹೊಟ್ಟೆ ಹಿಡಿದುಕೊಂಡು ಅದೇ ಆಸ್ಪತ್ರೆಗೆ ಬಂದ ದಿನ. ಸ್ಕ್ಯಾನ್ ಆಯಿತು. ಆದರೆ ಆಪರೇಷನ್ ಮಾಡುವ ಡಾಕ್ಟರಮ್ಮ ಇದ್ದದ್ದು ಊರಾಚೆಯ ದೊಡ್ಡಾಸ್ಪತ್ರೆಯಲ್ಲಿ. ಚಿತ್ರ ನೋಡದೆ ಅವರು ಹೂಂ ಅನ್ನುವವರಲ್ಲ, ಅವರು ಹೂಂ ಅನ್ನದೆ ಆಂಬ್ಯುಲೆನ್ಸ್ ಹೊರಡುವಂತಿಲ್ಲ. ಚಿತ್ರವೋ, ಹೋಗಲೇ ಇಲ್ಲ.

ಮಾಸ್ತರ ಮೊದಲು ಹೆಸರನ್ನು ಪರೀಕ್ಷಿಸಿದ. ದೊಡ್ಡಾಸ್ಪತ್ರೆಯ ಹೆಸರು ಕೊಟ್ಟರೆ ಜಾಲದಲ್ಲಿ ಅದರ ವಿಳಾಸದ ಸಂಖ್ಯೆ ಸರಿಯಾಗಿಯೇ ಬಂತು. ಆ ವಿಳಾಸಕ್ಕೆ ಒಂದು ಸಾಲು ಬರೆದು ಕಳಿಸಿದ, ತಲುಪಿತು. ಚಿತ್ರ ಕಳಿಸಿದರೆ ಮಾತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ. ಆಚೆಯವರನ್ನು ಬೈದ, ತಂತಿ ಎಳೆದವರನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಆ ಕಡೆಯವ್ರು ಬೆಳಿಗ್ಗೆ ಹೊಸ ಲೈನಿಗೆ ಬದಲಾಯಿಸಿದ್ರಂತೆ," ಎಂದಳು ಸ್ಕ್ಯಾನ್ ಕೋಣೆಯ ಅಕ್ಕ. "ಮುಂಚೆ ಏನಾದ್ರೂ ಕೆಟ್ರೆ ಇಂಥದ್ದು ಅಂತ ಬರೋದು. ಈಗ ಈ ಮೂದೇವಿ ಬಾಯೇ ಬಿಡಲ್ಲ. ಯಾವ ಪುಣ್ಯಾತ್ಮ ಇದಕ್ಕೆ ಬೀಗ ಜಡಿದ್ನೋ!"

ಪುಣ್ಯಾತ್ಮ ಅವಳೆದುರಿಗೇ ನಿಂತಿದ್ದ. ಅವನಿಗೆ ಈಗ ಹೊಳೆಯಿತು. ಚಿತ್ರ ಹೋಗುವುದು ತುಂಡುತುಂಡಾಗಿ. ಹೊಸ ಲೈನಿನಲ್ಲಿ ಹಿಡಿಸುವ ತುಂಡು ಹಳೆಯದಕ್ಕಿಂತ ತುಸು ಚಿಕ್ಕದು. ದಾರಿ ನಡುವೆ ಇವನ್ನು ಮುಂದಕ್ಕೆ ಸಾಗಿಸುವ ರೌಟರ್ ದೊಡ್ಡ ತುಂಡುಗಳನ್ನೆಲ್ಲ ಎಸೆದು, 'ಇದು ಹಿಡಿಸಲ್ಲ, ಇನ್ನೂ ಸಣ್ಣಗೆ ಕತ್ತರಿಸಿ ಕಳಿಸಪ್ಪ' ಎಂದು ಬೆಳಿಗ್ಗೆಯಿಂದ ಬಡಕೊಳ್ಳುತ್ತಿದೆ. ಆ ಮಾತಿನ ಕತ್ತು ಹಿಸುಕುತ್ತಿರುವುದು ಅವನದೇ ಫೈರ್‌ವಾಲ್.

ಓಡಿಹೋಗಿ ತಡೆ ತೆಗೆದ. ಪರದೆ ಕೆಂಪಾಯಿತು. ಕೆಂಪು ಕಂಡು ಜನ್ಮದಲ್ಲಿ ಮೊದಲ ಸಲ ಅವನಿಗೆ ಖುಷಿಯಾಯಿತು. ಚಿತ್ರ ಹೋಯಿತು.

ಡಾಕ್ಟರಮ್ಮ ಫೋನ್ ಮಾಡಿದರು. "ಈಗ್ಲೇ ಕಳಿಸಿ, ಪಿತ್ತಕೋಶ ಬಾತುಹೋಗಿದೆ. ಅಲ್ರೀ, ಇದು ಇವತ್ತಿನ ನೋವಲ್ಲ, ತಿಂಗಳುಗಟ್ಲೆಯಿಂದ ಇರ್ಬೇಕು. ಮನೇಲಿ ಹೇಳ್ಲೇ ಇಲ್ವಾ?"

ಅಮ್ಮನ ಗಾಲಿಮಂಚದ ಪಕ್ಕ ನಡೆಯುತ್ತ ಅವನು ಕೇಳಿದ, "ಯಾಕಮ್ಮ ಹೇಳ್ಲಿಲ್ಲ?"

"ಹೇಳ್ಬೇಡಿ ಅಂದೋನು ನೀನೇ ಅಲ್ವೇನೋ?"

ಅವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆಂಬ್ಯುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತ. "ತಪ್ಪಾಯ್ತಮ್ಮ. ಈಗ ಹೇಳು. ಏನೇನಿದ್ಯೋ ಎಲ್ಲಾ ಹೇಳು."

ನೋವಿನಲ್ಲೂ ಅಮ್ಮನ ಕಣ್ಣರಳಿತು. "ಅಲ್ಲಿಗೆ ಹೋಗೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

"ಸಾಲಲ್ಲ," ಎಂದಳು ಅಮ್ಮ. "ಹೋಗ್ಲಿ, ನಿನ್ನ ಮದ್ವೆಗಿಂತ ಹಿಂದಿಂದು ಬಿಟ್ಬಿಡ್ತೀನಿ."