ಕೆಳಗೆ ಹಾಕಿದ ಚಿಲಕ

ಪಟ್ಟಿಯ ಮೊದಲ ಹೆಸರು ನನ್ನ ಮಗಳದ್ದು. ರೊಸಾಲಿನ್ ಟೀಚರ್ ‘ಅಶ್ಮಿತಾ’ ಎಂದು ಓದಿದಾಗ ಅದೇ ಹೆಸರಿನ ಬೇರೆ ಮಗು ಇರಬೇಕು ಅಂದುಕೊಂಡೆ. ಆಮೇಲೆ ಅವರು ತಂದೆಯ ಹೆಸರನ್ನೂ ಓದಿದರು.

ನನ್ನ ಗಂಡ ರೋಷನ್ ಹೋಗಿ ಎರಡು ತಿಂಗಳು ಹನ್ನೊಂದು ದಿನ ಆಗಿತ್ತು. ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಪಾಳಿ ಮುಗಿಸಿ ಬರುವಾಗ ಕೂಳೂರು ಸೇತುವೆಯ ಮೇಲೆ ಬೈಕ್ ಜಾರಿತು. ಅವನು ಕಲಿತ ಸರಕಾರಿ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಸಭೆ ಇದು. ಅಧ್ಯಕ್ಷ ಹಾಶಿಂ ಒಂದನೇ ಕ್ಲಾಸಿನಿಂದ ಅವನ ಜೊತೆ ಕೂತವರು, ಬಿಜೈಯಲ್ಲಿ ಪ್ಲೈವುಡ್ ಅಂಗಡಿ ಇಟ್ಟವರು. ರೋಷನ್‌ಗಾಗಿ ಎರಡು ನಿಮಿಷ ಮೌನ ಉಂಟು, ಬರಬೇಕು ಎಂದು ಕರೆದಿದ್ದರು. ಮೌನ ಒಂದು ನಿಮಿಷಕ್ಕೇ ಮುಗಿಯಿತು. ನಂತರ ಚರ್ಚೆ ಶುರುವಾಯಿತು.

ಜೂನ್‌ನಿಂದ ಇಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ತೆರೆಯಬೇಕು. ಅದಕ್ಕೆ ಮಕ್ಕಳು ಬೇಕು. ಮಕ್ಕಳು ಬಾರದಿದ್ದರೆ ಶಾಲೆ ಇನ್ನೆರಡು ವರ್ಷ ಉಳಿದರೆ ಹೆಚ್ಚು ಎಂದು ಮುಖ್ಯ ಶಿಕ್ಷಕಿ ರೊಸಾಲಿನ್ ಟೀಚರ್ ಹೇಳಿದರು. ಸಂಘದ ಕಾರ್ಯದರ್ಶಿ ಕೆವಿನ್ ಎದ್ದು ನಿಂತರು. ಅವರ ಇಬ್ಬರು ಮಕ್ಕಳೂ ಖಾಸಗಿ ಶಾಲೆಯಲ್ಲಿದ್ದಾರೆ.

“ಸರಕಾರ ಶಾಲೆ ನಡೆಸುವುದು ಯಾಕೆ ಮಾರಾಯ್ರೆ? ಆ ದುಡ್ಡು ತಂದೆತಾಯಿಯ ಕೈಗೇ ಕೊಡಲಿ. ಬೇಕಾದಲ್ಲಿ ಸೇರಿಸ್ತಾರೆ.”

“ದುಡ್ಡು ಹಿಡಿದು ಹೋದರೆ ನಿನ್ನ ಮಕ್ಕಳ ಶಾಲೆ ಗೇಟು ತೆಗೀತದಾ?” ಎಂದರು ಹಾಶಿಂ.

“ತೆಗೀದೆ ಎಂತ?”

“ತೆಗೀತದೆ, ತೆಗೀತದೆ. ಮರುವರ್ಷ ಫೀಸು ಏರಿಸಿ ಹಾಕ್ತದೆ.”

ಎಲ್ಲರೂ ನಕ್ಕರು, ಕೆವಿನ್ ಕೂಡ. ಕೊಣಾಜೆಯಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡುವಾಗ ನಾನು ಇದೇ ವಿಷಯದ ಮೇಲೆ ಪ್ರಬಂಧ ಬರೆದಿದ್ದೆ. ಅನುಕೂಲವಿದ್ದವರು ತಮ್ಮ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ಸರಕಾರಿ ಶಾಲೆಗೆ ಹಣ ಕೇಳುವ ಬಾಯಿ ಉಳಿಯುವುದಿಲ್ಲ ಎಂಬುದು ಅದರ ಕೊನೆಯ ಮಾತು. ಒಳ್ಳೆಯ ಅಂಕ ಬಂದಿತ್ತು. ನಂತರ ಮಗಳನ್ನು ಹೆದ್ದಾರಿ ಬದಿಯ ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸಿದೆ. ಈ ವರ್ಷ ಅವಳು ಯುಕೆಜಿ ಮುಗಿಸಿದ್ದಳು.

ಆ ಶಾಲೆಯವರ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ತಂದೆಯಿಲ್ಲದ ಮಗುವಾದ್ದರಿಂದ ಅಶ್ಮಿತಾಳಿಗೆ ಹತ್ತನೇ ತರಗತಿಯವರೆಗೆ ಫೀಸು ಬೇಡ, ಒಪ್ಪಿಗೆಯನ್ನು ಸೋಮವಾರದ ಒಳಗೆ ತಿಳಿಸಿ ಎಂದು ಬರೆದಿದ್ದರು. ಬಂದು ಕುಳಿತಾಗ ನನಗೆ ಯೋಚಿಸಲು ಏನೂ ಉಳಿದಿರಲಿಲ್ಲ.

ಆಗ ರೊಸಾಲಿನ್ ಟೀಚರ್ ಒಪ್ಪಿಗೆ ಕೊಟ್ಟ ಪೋಷಕರ ಪಟ್ಟಿ ಓದಿದರು.

ನಾನು ಕಾಗದ ಕೇಳಿ ತೆಗೆದುಕೊಂಡೆ. ಅವನದೇ ಸಹಿ. ‘ಷ’ದ ಹೊಟ್ಟೆ ಸೀಳುವ ಗೆರೆಯನ್ನು ಉದ್ದಕ್ಕೆ ಎಳೆಯುವುದು ಅವನ ಅಭ್ಯಾಸ. ತಾರೀಖು ಅವನು ಸಾಯುವ ನಾಲ್ಕು ದಿನ ಮೊದಲಿನದು. ಉಳಿದ ಅಕ್ಷರಗಳು ಕಾಣುತ್ತಿದ್ದವು. ಓದಲು ಆಗಲಿಲ್ಲ.

“ನಿಮಗೆ ಗೊತ್ತಿರಲಿಲ್ಲವಾ?” ಎಂದು ಹಾಶಿಂ ಕೇಳಿದರು. “ಮನೆಯಲ್ಲಿ ಒಪ್ಪಿದ್ದಾಳೆ ಅಂತ ಹೇಳಿದ್ದ. ಮತ್ತೆ ನಾವು ಯಾರೂ ಕೇಳಲಿಲ್ಲ.”

ಗಂಡ ಸಹಿ ಹಾಕಿದ ಮೇಲೆ ಹೆಂಡತಿಯನ್ನು ಕೇಳುವ ಕ್ರಮ ನಮ್ಮಲ್ಲಿಲ್ಲ.

ಶಾಲೆಯ ಬಿಸಿಯೂಟ ಮಾಡುವ ದೇಯಿ ಅಕ್ಕ ಬಾಗಿಲ ಬಳಿ ನಿಂತಿದ್ದರು. ಅವರ ಮೊಮ್ಮಗಳು ಸಂಚಿತಾ ಆ ಖಾಸಗಿ ಶಾಲೆಯಲ್ಲಿ ನನ್ನ ಮಗಳ ತರಗತಿಯಲ್ಲೇ ಇದ್ದವಳು. ಅವಳ ಹೆಸರು ಪಟ್ಟಿಯಲ್ಲಿ ಎರಡನೆಯದು.

“ನಾನು ಟಿಸಿ ತಂದು ಆಯ್ತು ಮಗಾ,” ಎಂದರು ಅವರು. “ಆ ಸೀಟು ಬೇರೆಯವರಿಗೆ ಹೋಯ್ತಂತೆ. ರೋಷನ್ ತನ್ನ ಮಗಳನ್ನೇ ತರ್ತಾನಲ್ಲ, ಮತ್ತೆ ನನಗೆಂತ ಹೆದರಿಕೆ ಅಂತ ಗ್ರೇಶಿದೆ.”

ರೊಸಾಲಿನ್ ಟೀಚರ್ ಪೆನ್ನಿನ ಮುಚ್ಚಳ ತೆಗೆದರು. ಒತ್ತಾಯ ಇಲ್ಲ, ಹೆಸರು ಹೊಡೆದು ಹಾಕಿದರೆ ಆಯಿತು ಎಂದು ಮೆಲ್ಲಗೆ ಹೇಳಿದರು. ಮುಖ ತೊಳೆದು ಬರುತ್ತೇನೆ ಎಂದು ನಾನು ಎದ್ದೆ.

ನಾನು ಒಪ್ಪಿರಲಿಲ್ಲ. ಜನವರಿಯಲ್ಲಿ ಒಂದು ಸಂಜೆ, “ನೀನು ಬರೆದದ್ದು ಬೇರೆಯವರ ಮಕ್ಕಳಿಗೆ ಮಾತ್ರವಾ?” ಎಂದು ಅವನು ತಮಾಷೆಗೆ ಕೇಳಿದ್ದ. ನನಗೆ ಚುಚ್ಚಿತು. “ಮೊದಲು ಅಲ್ಲಿ ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಇಡಿಸು, ಚಿಲಕ ಹಾಕಿಸು. ಮತ್ತೆ ಕಳಿಸುವ,” ಎಂದಿದ್ದೆ. ನನಗೆ ಆ ಮಾತನ್ನು ಅಲ್ಲಿಗೆ ಮುಗಿಸಬೇಕಿತ್ತು, ಅಷ್ಟೇ. ಅವನು ನಕ್ಕ. ಅದೇ ವಾರ ಅಶ್ಮಿತಾಳನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಬೆರಳಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಗೋಡೆ ಹಾಳು ಮಾಡಿದ್ದಕ್ಕೆ ಬೈದಿದ್ದೆ.

ಹುಡುಗಿಯರ ಶೌಚಾಲಯಗಳು ಶಾಲೆಯ ಹಿಂದೆ. ಎರಡರಲ್ಲಿ ಒಂದಕ್ಕೆ ಹೊಸ ಬಾಗಿಲು ಇತ್ತು. ಒಳಗೆ ಹೋಗಿ ಮುಚ್ಚಿಕೊಂಡೆ. ಕೈ ಎಂದಿನಂತೆ ಎದೆಯ ಮಟ್ಟದಲ್ಲಿ ಚಿಲಕ ಹುಡುಕಿತು. ಅಲ್ಲಿ ಇರಲಿಲ್ಲ. ಸ್ಕ್ರೂ ತೆಗೆದ ನಾಲ್ಕು ತೂತುಗಳಿಗೆ ಪುಟ್ಟಿ ಮೆತ್ತಿದ್ದರು. ಚಿಲಕ ಅದಕ್ಕಿಂತ ಎಷ್ಟೋ ಕೆಳಗಿತ್ತು. ಹಾಕಲು ನಾನು ಬಗ್ಗಬೇಕಾಯಿತು.

ಆ ಎತ್ತರವನ್ನು ನಾನು ದಿನಾ ನೋಡುತ್ತೇನೆ. ಗ್ಯಾಸ್ ಒಲೆಯ ಪಕ್ಕ, ಪೆನ್ಸಿಲಿನ ಗೆರೆ.

ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಅವನು ಸುಳ್ಳು ಹೇಳಿರಲಿಲ್ಲ. ನಾನು ಸಿಟ್ಟಿನಲ್ಲಿ ಎಸೆದ ಮಾತನ್ನು ನಿಜವೆಂದೇ ತೆಗೆದುಕೊಂಡು, ಹೇಳಿದ್ದನ್ನು ಮಾಡಿ ಮುಗಿಸಿ, ನಂತರ ಸಹಿ ಹಾಕಿದ್ದ. ನನ್ನನ್ನು ಕರೆತಂದು ತೋರಿಸಲು ನಾಲ್ಕು ದಿನ ಸಾಲಲಿಲ್ಲ. ಇಲ್ಲವೇ ಯಾವುದೋ ಒಳ್ಳೆಯ ದಿನಕ್ಕೆ ಕಾದಿದ್ದನೋ.

ಸಭೆಗೆ ಮರಳಿದಾಗ ಪಟ್ಟಿ ಮೇಜಿನ ಮೇಲೇ ಇತ್ತು. ದೇಯಿ ಅಕ್ಕ ಇನ್ನೂ ಬಾಗಿಲ ಬಳಿಯೇ ನಿಂತಿದ್ದರು.

“ಹೆಸರು ಇರಲಿ ಟೀಚರ್,” ಎಂದೆ.

ಪತಿ ಹೋದ ದುಃಖದಲ್ಲಿ ಅವಸರ ಬೇಡ, ಫೀಸಿಲ್ಲದ ಸೀಟು ಮತ್ತೆ ಸಿಗದು ಎಂದು ಕೆವಿನ್ ಹೇಳಿದರು. ಅವರು ಹೇಳಿದ್ದು ಸರಿಯೇ. ನಾನು ಅವನ ಸಹಿಯ ಕೆಳಗೆ ನನ್ನದನ್ನು ಹಾಕಿದೆ.

“ಇನ್ನೊಂದಕ್ಕೆ ಬಾಗಿಲು ಇಲ್ಲ,” ಎಂದು ಹಾಶಿಂ ಅವರಿಗೆ ಹೇಳಿದೆ.

ಅವರು ತಲೆ ಎತ್ತಲಿಲ್ಲ. “ಉಂಟು. ಅವನೇ ಅಳತೆ ಕೊಟ್ಟದ್ದು. ಕತ್ತರಿಸಿ ಇಟ್ಟಿದ್ದೇನೆ, ಅಂಗಡಿಯಲ್ಲಿ ಉಂಟು. ಅವನು ಹೋದ ಮೇಲೆ ಯಾರೂ ಕೊಂಡುಹೋಗಲಿಲ್ಲ.”

“ಜೂನ್ ಒಳಗೆ ಹಾಕಿಸಿ,” ಎಂದೆ. “ಚಿಲಕ ಕೆಳಗೇ ಇರಲಿ.”