ಅದಿತಿಯ ಮೊದಲ ಮಾತು

ವಡೋದರದಲ್ಲಿ ವಿಂಧ್ಯಾ ನಡೆಸುವ ಸ್ಪೀಚ್ ಥೆರಪಿ ಕೇಂದ್ರಕ್ಕೆ ಒಂದು ಕಟ್ಟಳೆಯಿತ್ತು. ಮಗುವಿನ ಮೊದಲ ಮಾತು ಅಲ್ಲಿ ಹೊರಟರೆ ತಾಯಿಗೆ ಹೇಳುವಂತಿಲ್ಲ. ಮನೆಯಲ್ಲಿ ಅದನ್ನು ಹೊರಡಿಸುವ ಬಗೆಯನ್ನಷ್ಟೇ ಕಲಿಸಿ ಕಳಿಸಬೇಕು. ಆಮೇಲೊಂದು ದಿನ ಆ ತಾಯಿ ಓಡಿಬಂದು "ಮೇಡಂ, ಮಾತಾಡಿದ!" ಎಂದಾಗ, ಈಗಷ್ಟೇ ಕೇಳಿದವರ ಹಾಗೆ "ಹೌದಾ!" ಎನ್ನಬೇಕು. ಕಟ್ಟಳೆ ಮಾಡಿದವಳು ವಿಂಧ್ಯಾಳೇ. ಮೊದಲ ಮಾತು ಹೆತ್ತವಳ ಪಾಲು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಅಲ್ಲಿಗೆ ಬರುತ್ತಿದ್ದ ಅದಿತಿಗೆ ನಾಲ್ಕು ವರ್ಷ; ಆಟಿಸಂ, ಇನ್ನೂ ಮಾತು ಬಂದಿರಲಿಲ್ಲ. ಅಂದು ವಿಂಧ್ಯಾ ಸೋಪಿನ ಗುಳ್ಳೆ ಊದಿ ತೋರಿಸಿ, ಶೀಶೆಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಅದನ್ನು ಮಗುವಿನ ಕೈಗಿತ್ತು ಸುಮ್ಮನೆ ಕೂತಳು. ಕಾಯುವುದೇ ಈ ಕೆಲಸದ ಅರ್ಧ ಪಾಲು. ಹುಡುಗಿ ಮುಚ್ಚಳ ತಿರುವಿದಳು, ಕಚ್ಚಿದಳು, ಕೊನೆಗೆ ಶೀಶೆಯನ್ನು ವಿಂಧ್ಯಾಳ ಮಡಿಲಿಗೆ ತಳ್ಳಿ ಮುಖವೆತ್ತಿದಳು.

"ಅಮ್ಮ."

ವಿಂಧ್ಯಾಳ ಮಗ ಅಕ್ಷಯ್‌ಗೆ ಹನ್ನೊಂದು ತುಂಬಿತ್ತು. ಅವನಿಗೂ ಆಟಿಸಂ; ಇದುವರೆಗೆ ಒಂದು ಮಾತೂ ಆಡಿಲ್ಲ. ನೀರು ಬೇಕಾದರೆ ಅವಳ ಮಣಿಕಟ್ಟು ಹಿಡಿದು ಫಿಲ್ಟರಿನ ತನಕ ನಡೆಸುತ್ತಾನೆ. ಕೈಹಿಡಿದು ಕರೆದೊಯ್ಯುವುದೂ ಮಾತೇ ಎಂದು ಅವಳು ಎಷ್ಟೋ ತಾಯಂದಿರಿಗೆ ಹೇಳಿದ್ದಾಳೆ, ನಂಬಿಯೇ ಹೇಳಿದ್ದಾಳೆ. ಆದರೂ ಆ ಎರಡಕ್ಷರ ಕಿವಿಗೆ ಬಿದ್ದಾಗ ಮುಚ್ಚಳ ತೆರೆಯುವುದನ್ನೇ ಮರೆತಳು. ಯಾರದೋ ಮಗು. ಯಾರಿಗೋ ಸೇರಬೇಕಾದ ಮಾತು.

ಹೊರಗೆ ಅದಿತಿಯ ತಾಯಿ ಜಯಂತಿ ಕಾಯುತ್ತಿದ್ದಳು. ಉಡುಪಿ ಕಡೆಯವರು; ಅದೇ ಊರಿನ ಮಕರಪುರದಲ್ಲಿ ಕಾರ್ಖಾನೆಯವರೇ ಹೆಚ್ಚಾಗಿ ಬರುವ ಸಣ್ಣ ಹೋಟೆಲು ನಡೆಸುತ್ತಿದ್ದರು.

"ಇವತ್ತು ಎಂತ ಮಾಡಿದ್ಳು ಮೇಡಂ?"

"ಚೆನ್ನಾಗಿ ಆಡಿದ್ಳು."

"ಮನೆಯಲ್ಲಿ ಮಾಡ್ಸಲಿಕ್ಕೆ ಎಂತಾದ್ರೂ ಉಂಟಾ?"

ಶೀಶೆ ಇನ್ನೂ ವಿಂಧ್ಯಾಳ ಕೈಯಲ್ಲಿತ್ತು. ಕೊಟ್ಟು ಎರಡು ಮಾತು ಹೇಳಿದ್ದರೆ ಸಾಕಿತ್ತು. "ಈ ವಾರ ಹಳೇದನ್ನೇ ಮಾಡ್ಸಿ" ಎಂದಳು.

ಮರುವಾರವೂ ಅದನ್ನೇ ಹೇಳಿದಳು. ಅದರ ಮರುವಾರವೂ. ಒಳಗೆ ಮಾತ್ರ ಶೀಶೆ ಕಂಡಾಗಲೆಲ್ಲ ಅದಿತಿಯ ಬಾಯಿಂದ "ಅಮ್ಮ" ಬರುತ್ತಿತ್ತು. ಇಂಥ ಮಕ್ಕಳಲ್ಲಿ ಮಾತು ಹುಟ್ಟಿದ ಜಾಗಕ್ಕೇ, ಕೇಳಿಸಿಕೊಂಡ ಮುಖಕ್ಕೇ ಅಂಟಿಕೊಂಡುಬಿಡುತ್ತದೆ, ಬೇಗ ಮನೆಗೆ ದಾಟಿಸಬೇಕು ಎಂದು ಅಹಮದಾಬಾದಿನ ನವರಂಗಪುರದಲ್ಲಿ ಹೊಸ ಥೆರಪಿಸ್ಟರಿಗೆ ಪಾಠ ಮಾಡಿ ಬಂದವಳು ಅವಳೇ. ಗೊತ್ತಿದ್ದೂ ಬಾಗಿಲು ಮುಚ್ಚಿಕೊಂಡು ಕೇಳುತ್ತಿದ್ದಳು. ಸಂಜೆ ಮನೆಗೆ ಹೋಗಿ ಅಕ್ಷಯನ ಮೌನದ ಎದುರು ಕೂತಾಗ, ಕದ್ದು ತಿಂದು ಬಂದವಳ ಹಾಗೆ ಅನಿಸುತ್ತಿತ್ತು.

ಒಂದು ದಿನ ಜಯಂತಿ ಮಗಳ ಚಪ್ಪಲಿ ಬಿಚ್ಚುತ್ತಾ ಅಂದಳು: "ನಿಮ್ಮ ಮಗ ಪುಣ್ಯವಂತ ಮೇಡಂ. ಅವನಿಗೆ ಮನೆಯಲ್ಲೇ ಥೆರಪಿ. ಇವಳಿಗೆ ಸಿಕ್ಕಿದ್ದು ಬರೀ ದೋಸೆ ಹೊಯ್ಯುವ ಅಮ್ಮ. ನಿಮ್ಮನ್ನು ಕಂಡ್ರೆ ನಂಗೆ ಹೊಟ್ಟೆಕಿಚ್ಚು ಮಾರಾಯ್ರೆ, ಸತ್ಯ ಹೇಳ್ತೇನೆ." ಹೇಳಿ ನಕ್ಕಳು.

ಹೊಟ್ಟೆಕಿಚ್ಚನ್ನು ಹೀಗೆ ನಗುತ್ತಾ ಆಡಿಬಿಡಬಹುದೆಂದು ವಿಂಧ್ಯಾಳಿಗೆ ಹೊಳೆದೇ ಇರಲಿಲ್ಲ. "ಇವತ್ತು ನೀವೂ ಒಳಗೆ ಬನ್ನಿ" ಎಂದಳು.

ಜಯಂತಿಯನ್ನು ತನ್ನ ಜಾಗದಲ್ಲಿ ಕೂರಿಸಿ, ಗುಳ್ಳೆ ಊದಿಸಿ, ಮುಚ್ಚಳ ಬಿಗಿ ಮಾಡಿಸಿದಳು. "ಈಗ ಕೊಡಿ. ನೀವು ಮಾತಾಡ್ಬೇಡಿ. ಕಾಯಿರಿ." ತಾನು ಗೋಡೆಗೆ ಒರಗಿ ನಿಂತಳು.

ಅದಿತಿ ಶೀಶೆ ತೆಗೆದುಕೊಂಡಳು. ತಾಯಿಯ ಚಾಚಿದ ಕೈಯನ್ನು ದಾಟಿ ಗೋಡೆಯ ಹತ್ತಿರ ಬಂದಳು. ಶೀಶೆಯನ್ನು ವಿಂಧ್ಯಾಳ ಕೈಗೆ ಒತ್ತಿದಳು.

"ಅಮ್ಮ."

ಜಯಂತಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ಅರಳಿತು. ಮಗು ಯಾರ ಮುಂದೆ ನಿಂತಿದೆ ಎಂಬುದು ಆಮೇಲೆ ಕಂಡಿತು.

"ಇದು ಮೊದಲನೇ ಸಲ ಅಲ್ಲ ಅಲ್ವಾ ಮೇಡಂ?"

"ಅಲ್ಲ. ಕೆಲವು ವಾರ ಆಯ್ತು."

"ನಂಗೆ ಹೇಳ್ಲೇ ಇಲ್ಲ."

"ನಿಮ್ಮ ಮನೆಗೆ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ." ವಿಂಧ್ಯಾ ಕೈಯಲ್ಲಿದ್ದ ಶೀಶೆ ನೋಡಿದಳು. "ನಾನೇ ಇಟ್ಕೊಂಡೆ."

ಜಯಂತಿ ಬೈಯಲಿಲ್ಲ, ನಗಲೂ ಇಲ್ಲ. "ನಿಮ್ಮ ಹುಡುಗ ಅಮ್ಮ ಹೇಳ್ತಾನಾ?" ಎಂದಳು. ವಿಂಧ್ಯಾ ಇಲ್ಲವೆಂದು ತಲೆಯಾಡಿಸಿದಳು. ಜಯಂತಿ ಎದ್ದು ಬಂದು ಅವಳ ಕೈಯಿಂದ ಶೀಶೆ ತೆಗೆದುಕೊಂಡಳು. "ಸರಿ. ಈಗ ನೀವು ಹೊರಗೆ ಹೋಗಿ."

ವಿಂಧ್ಯಾ ಹೊರಬಂದು ಬಾಗಿಲೆಳೆದುಕೊಂಡಳು. ತಾನಿಲ್ಲದಿದ್ದರೆ ಮಗುವಿಗೆ ಮುಚ್ಚಳ ತೆಗೆಸಲು ತಾಯಿಯೊಬ್ಬಳೇ ಉಳಿಯುತ್ತಾಳೆ. ಇದೇ ಸರಿಯಾದ ಕ್ರಮ, ಎಂದೋ ಮಾಡಬೇಕಿದ್ದ ಕ್ರಮ. ಒಳಗೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಇಂದು ಬಾರದಿರಲಿ, ಇದೊಂದು ದಿನ ಬಾರದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿರುವವಳು ತಾನೇ ಎಂದು ತಿಳಿದು ಅವಳು ಬಾಗಿಲಿನಿಂದ ಹಿಂದೆ ಸರಿದಳು.

ಒಮ್ಮೆಲೇ ಜಯಂತಿ ಅಳುತ್ತಲೋ ನಗುತ್ತಲೋ ಕೂಗಿಕೊಂಡಳು. ಅದಕ್ಕೂ ಮೊದಲು ಹೊರಟ ಅದಿತಿಯ ಪುಟ್ಟ ದನಿ, ಆ ಎರಡಕ್ಷರ, ಮುಚ್ಚಿದ ಬಾಗಿಲು ದಾಟಿ ವಿಂಧ್ಯಾಳವರೆಗೆ ಬಂದಿರಲಿಲ್ಲ.