ಬೆಸಾಂವ್ ಕೇಳದ ಹುಡುಗಿ

ಊರಿನವರ ಲೆಕ್ಕದಲ್ಲಿ ಅಲ್ಜೀರಾ ಮೂಗಿ. ನನಗೋ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸ.

ಶಿಲುಬೆಕಟ್ಟೆಯ ಎದುರಿಗೇ ನನ್ನ ಅಂಗಡಿ. ಅಕ್ಕಿ, ಬೆಲ್ಲ, ತೆಂಗಿನ ವಿನೆಗರ್, ಒಣ ಸೀಗಡಿ, ಮೇಣದ ಬತ್ತಿ, ಮೇಲಿನ ಗಳುವಿಗೆ ನೇತುಹಾಕಿದ ಹಂದಿಮಾಂಸದ ಚೊರೀಸ್ ಸರ, ಏನು ಬೇಕು ಕೇಳಿ, ಇದೆ. ಅಲ್ಜೀರಾ ನನ್ನ ಅಣ್ಣನ ಮಗ ಅಗ್ನೆಲನ ಮಗಳು, ಆರು ವರ್ಷದವಳು. ಅಗ್ನೆಲ ಹಡಗಿನಲ್ಲಿದ್ದಾನೆ. ಅವನ ಹೆಂಡತಿ ಜೊವಿತಾ ಮಡಗಾಂವಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಕತ್ತಲಾದ ಮೇಲೆ ಬಸ್ಸಿಳಿಯುತ್ತಾಳೆ. ಅಲ್ಲಿಯವರೆಗೆ ಹುಡುಗಿ ನನ್ನವಳು. ಊರಿಗೆಲ್ಲ ನಾನು ತಿಯಾ, ಅಂದರೆ ಅತ್ತೆ, ಅವಳಿಗೂ ಅದೇ. ಶಾಲೆ ಬಿಟ್ಟವಳೇ ಹಿತ್ತಲ ಬಾಗಿಲಿನಿಂದ ನುಗ್ಗಿ, ಕಟಕಟೆಯಂಥ ನನ್ನ ಗಲ್ಲೆಯ ಹಿಂದೆ, ಸೋಪಿನ ಖಾಲಿ ಪೆಟ್ಟಿಗೆಯ ಮೇಲೆ ಕುಳಿತು ಶುರು ಮಾಡಿಕೊಳ್ಳುತ್ತಿದ್ದಳು. ತಿಯಾ, ಇವತ್ತು ಒಂದು ಓತಿಕ್ಯಾತ ಕರಿಹಲಗೆಯ ಮೇಲೆ ಹತ್ತಿತು. ತಿಯಾ, ಮೆಲ್ಬಾ ತನ್ನ ರಬ್ಬರು ತಿಂದಳು. ತಿಯಾ, ಮೀನು ಯಾಕೆ ರೆಪ್ಪೆ ಬಡಿಯುವುದಿಲ್ಲ? ಹೊರಗೆ ಗಿರಾಕಿಯ ಚಪ್ಪಲಿ ಸದ್ದಾದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಮಾತು ನಿಂತುಬಿಡುತ್ತಿತ್ತು. ಅವರು ಹೋದರೆ, ಬಿಟ್ಟ ಜಾಗದಿಂದಲೇ ಮತ್ತೆ ಶುರು.

ನಿಜ ಹೇಳುತ್ತೇನೆ, ಅದು ನನಗೆ ಇಷ್ಟವಾಗಿತ್ತು. ಮದುವೆ ಆಗಲಿಲ್ಲ, ಹೆತ್ತ ಮಾಯ್ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ದಿನವಿಡೀ ಅಂಗಡಿಯಲ್ಲಿ ಜನ ಬಾಯಿ ಬಿಡುತ್ತಾರೆ, ಅರ್ಧ ಕಿಲೋ ಸಕ್ಕರೆ, ಎರಡು ಈರುಳ್ಳಿ ದೊಡ್ಡದು ನೋಡಿ ಹಾಕು ಎನ್ನುತ್ತಾರೆ. ಅದೆಲ್ಲ ವ್ಯಾಪಾರ. ಮಾತು ಎಂದು ನನ್ನ ಕಿವಿಗೆ ಬೀಳುತ್ತಿದ್ದದ್ದು ಆ ಸೋಪಿನ ಪೆಟ್ಟಿಗೆಯಿಂದಷ್ಟೇ.

ಜಗಳವಾಗುತ್ತಿದ್ದದ್ದು ಸಂಜೆಗೆ. ನಮ್ಮ ಕೇರಿಯಲ್ಲಿ, ಈ ವಾಡೆಯಲ್ಲಿ, ಇನ್ನೂ ಆ ಪದ್ಧತಿ ಬಿಟ್ಟಿಲ್ಲ: ಇಗರ್ಜಿಯ ಸಂಜೆಗಂಟೆ ಬಾರಿಸಿದ ಮೇಲೆ ಮಕ್ಕಳು ಎದುರಿಗೆ ಸಿಕ್ಕ ಹಿರಿಯರನ್ನೆಲ್ಲ "ಬೆಸಾಂವ್ ದೀ" ಎಂದು ಆಶೀರ್ವಾದ ಕೇಳಬೇಕು. ಕೇಳದ ಮಗು ಮನೆತನಕ್ಕೇ ಕೆಟ್ಟ ಹೆಸರು. ಅಲ್ಜೀರಾ ಕೇಳುತ್ತಿದ್ದಳು, ಆದರೆ ಎಲ್ಲರೂ ಹೋದ ಮೇಲೆ, ನನ್ನ ಕಿವಿಗೆ ಬಾಯಿ ತಾಗಿಸಿ. ಬೆಲ್ಲದ ವಾಸನೆಯ ಬಿಸಿ ಉಸಿರು. ನಾನು ಅವಳ ಹಣೆಯ ಮೇಲೆ ಶಿಲುಬೆ ಬರೆದು, ದೇವರು ಹರಸಲಿ ಎನ್ನುತ್ತಿದ್ದೆ.

ಅಂಗಡಿಯ ಬೆಂಚಿನ ಮೇಲೆ ಒಬ್ಬ ಮಿಂಗೆಲ್ ಇದ್ದಾನೆ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಮುದುಕ, ಹೆಂಡತಿ ಇಲ್ಲ, ನನ್ನ ಬೆಂಚು ಸವೆಸುವುದೇ ಉದ್ಯೋಗ. ಅವನಿಗೆ ಇದು ದೊಡ್ಡ ಅವಮಾನ.

"ನಾನೇನು ಇವಳ ಕಣ್ಣಿಗೆ ಕಂಬನಾ? ಮೂರು ಊರಿನ ಮಕ್ಕಳು ನನ್ನ ಹತ್ರ ಬೆಸಾಂವ್ ಕೇಳ್ತವೆ. ಈ ಒಂದಕ್ಕೆ ಮಾತ್ರ ಬಾಯಿಗೆ ಬೀಗ!"

"ಮಗೂಗೆ ನಾಚಿಕೆ ಮಿಂಗೆಲ್. ಬಿಟ್ಬಿಡು."

"ನಾಚಿಕೆ ಅಲ್ಲ, ಸೊಕ್ಕು. ನೀನೇ ತಲೆ ಮೇಲೆ ಕೂರಿಸ್ಕೊಂಡಿದ್ದೀಯ."

ಆದರೂ ಮನುಷ್ಯ ಕೆಟ್ಟವನಲ್ಲ. ಒಂದು ದಿನ ಗಿಣಿ ಕಚ್ಚಿದ ಪೇರಲೆಹಣ್ಣು ಹುಡುಕಿಕೊಂಡು ಬಂದ. ಅದನ್ನು ತಿಂದರೆ ಮೂಗರೂ ಮಾತಾಡುತ್ತಾರಂತೆ. ಹುಡುಗಿ ಗಿಣಿ ಬಿಟ್ಟದ್ದನ್ನು ಪೂರ್ತಿ ತಿಂದಳು. ಮಿಂಗೆಲ್ ಮಂಡಿಯೂರಿ, ಅವಳ ಬಾಯಿಯನ್ನೇ ನೋಡುತ್ತ ಕುಳಿತ. ಅವಳು ಕಲ್ಲಿನ ಹಾಗೆ ನಿಂತಿದ್ದಳು. ಅವನು ಎದ್ದು ಹೋದ ಮೇಲೆ ಪೆಟ್ಟಿಗೆಯಿಂದ ದನಿ ಬಂತು: "ತಿಯಾ, ಒಳಗೆ ಹುಳ ಇತ್ತು. ಅದನ್ನೂ ತಿಂದೆ." ನಾನು ನಕ್ಕಿದ್ದೇ ನಕ್ಕಿದ್ದು.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಹುಡುಗಿ ಹಿತ್ತಲ ಬಾಗಿಲಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಬೆಳಿಗ್ಗೆ ಮೊದಲನೇ ಪೀರಿಯಡ್ಡಿನಲ್ಲಿ ಡೆಸ್ಕಿನ ಮುಚ್ಚಳಕ್ಕೆ ಬೆರಳು ಸಿಕ್ಕಿಕೊಂಡಿತ್ತಂತೆ. ಉಗುರು ಕಪ್ಪಾಗಿ, ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಶಾಲೆ ಬಿಡುವವರೆಗೂ ಯಾರಿಗೂ ಹೇಳಿಲ್ಲ, ಅತ್ತೂ ಇಲ್ಲ. ಲಂಗ ಒದ್ದೆಯಾಗಿತ್ತು, ಹೊರಗೆ ಹೋಗಬೇಕು ಎಂದು ಕೇಳುವುದಕ್ಕೂ ಆಗಿರಲಿಲ್ಲ. ನನ್ನನ್ನು ನೋಡಿದ ಮೇಲೆ ಬಾಯಿ ತೆರೆದು, "ನೋವು ತಿಯಾ" ಎಂದು ಅತ್ತಳು. ಬೆರಳನ್ನು ತಣ್ಣೀರಲ್ಲಿ ಅದ್ದಿ ಹಿಡಿದೆ. ನಾಳೆ ಇದಕ್ಕಿಂತ ದೊಡ್ಡದೇನಾದರೂ ಆದರೆ? ಯಾರಾದರೂ ಕೈ ಹಿಡಿದು ಎಳೆದುಕೊಂಡು ಹೋದರೆ? ಕೂಗುವುದಾದರೂ ಹೇಗೆ ಈ ಹುಡುಗಿ?

ಜೊವಿತಾ ರಜೆ ಹಾಕಿದಳು. ಮೂವರೂ ಮಡಗಾಂವಿನ ಡಾಕ್ಟರಮ್ಮನ ಹತ್ತಿರ ಹೋದೆವು.

"ಇದು ಹಟ ಅಲ್ಲ, ಭಯ," ಎಂದಳು ಆಕೆ. "ಹೊರಗಿನವರನ್ನ ಕಂಡ್ರೆ ಗಂಟಲು ಕಟ್ಕೊಳ್ಳತ್ತೆ. ಅವಳಿಗೂ ಮಾತಾಡ್ಬೇಕು ಅಂತ ಆಸೆ ಇರತ್ತೆ, ಆಗಲ್ಲ. ಬೈಬೇಡಿ, ಲಂಚ ಕೊಡ್ಬೇಡಿ, ಎಲ್ಲರ ಮುಂದೆ 'ಹೇಳು ಹೇಳು' ಅಂತ ಪೀಡಿಸ್ಬೇಡಿ. ಅಂದ ಹಾಗೆ, ಯಾರಾದ್ರೂ ಅವಳನ್ನ ಏನಾದ್ರೂ ಕೇಳಿದ್ರೆ ಯಾರು ಉತ್ತರ ಕೊಡ್ತೀರಿ?"

"ನಾನು. ಮತ್ಯಾರು?"

"ಇನ್ಮೇಲೆ ಕೊಡ್ಬೇಡಿ."

ನನಗೆ ಮೈ ಉರಿಯಿತು. "ಅಂದ್ರೆ ಕಾಯಿಲೆ ನಾನೇ ಅನ್ನಿ."

"ಅಯ್ಯೋ, ನಾನೆಲ್ಲಿ ಹಾಗಂದೆ? ಮನೇಲಿ ಬಿಟ್ರೆ ಅವಳು ಮಾತಾಡೋದು ನಿಮ್ಮ ಹತ್ರ ತಾನೆ, ಅಲ್ಲಿಂದ್ಲೇ ಶುರು ಮಾಡ್ಬೇಕು. ಅಲ್ಲಿಗೆ ಇನ್ನೊಬ್ಬರನ್ನ ಮೆಲ್ಲಗೆ ಸೇರಿಸಿ. ಅವರ ಹತ್ರ ಮಾತು ಶುರುವಾದ ಮೇಲೆ ನೀವು ಎದ್ದು ಬರ್ಬೇಕು."

"ಎದ್ದು ಎಲ್ಲಿಗೆ?"

ಡಾಕ್ಟರಮ್ಮ ನನ್ನ ಮುಖ ನೋಡಿದಳು. "ಹೊರಗೆ," ಎಂದಳು.

ಆ ಇನ್ನೊಬ್ಬರು ಶಾಲೆಯ ಟೀಚರ್ ಸ್ವೀಜಲ್. ಪಕ್ಕದ ವಾಡೆಯ ಹುಡುಗಿ, ಹೊಸದಾಗಿ ಸೇರಿದವಳು. ಮೊದಲ ದಿನ ವಿನೆಗರ್ ಕೊಳ್ಳುವ ನೆಪದಲ್ಲಿ ಬಂದು, ಅಲ್ಜೀರಾಳತ್ತ ತಿರುಗಿಯೂ ನೋಡದೆ, ಬೆನ್ನು ಮಾಡಿ ಅಕ್ಕಿಮೂಟೆಯ ಮೇಲೆ ಕುಳಿತು ನನ್ನ ಮೊರದಲ್ಲಿ ಅಕ್ಕಿ ಆರಿಸತೊಡಗಿದಳು. ನನಗೂ ಅಲ್ಜೀರಾಗೂ ಒಂದು ಆಟವಿತ್ತು. ಕಣ್ಣುಮುಚ್ಚಿ ಡಬ್ಬಿಯೊಳಗೆ ಕೈ ಹಾಕಿ ಇದೇನು ಹೇಳು ಎನ್ನುವುದು. ಮೆಂತ್ಯ, ಸಾಸಿವೆ, ಅಲಸಂದೆ. ಅಂದು ಹುಡುಗಿ ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ. ಆಮೇಲೊಂದು ದಿನ ನನ್ನ ಕಿವಿಯಲ್ಲಿ "ಸಾಸಿವೆ" ಎಂದಳು. ಸ್ವೀಜಲ್ ಕೇಳಿಸಿಯೂ ಕೇಳಿಸದವಳ ಹಾಗೆ ಅಕ್ಕಿಯಿಂದ ಕಲ್ಲು ಹೆಕ್ಕುತ್ತಿದ್ದಳು.

"ಟೀಚರ್, ನಿಮ್ಮ ದೆಸೆಯಿಂದ ನನ್ನ ಅಕ್ಕೀಲಿ ಕಲ್ಲೇ ಇಲ್ದಂಗಾಯ್ತು," ಎಂದೆ. "ಕಲ್ಲಿನ ತೂಕಕ್ಕೆ ಸಿಗ್ತಿದ್ದ ದುಡ್ಡೂ ಹೋಯ್ತು ನೋಡಿ."

ಹೀಗೆ ವಾರಗಳು ಹೋದವು. ಟೀಚರ್ ಮೂಟೆಯಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ, ನೆಲದಿಂದ ಡಬ್ಬಿಗಳ ಹತ್ತಿರಕ್ಕೆ ಬಂದಳು. ಪ್ರಶ್ನೆ ಮಾತ್ರ ಒಂದೂ ಕೇಳುತ್ತಿರಲಿಲ್ಲ. "ನನಗೆ ಇದು ಕಡಲೆ ಅನ್ಸತ್ತೆ" ಎಂದು ತಾನೇ ತಪ್ಪು ಹೇಳಿ ಸುಮ್ಮನಾಗುತ್ತಿದ್ದಳು. ಹುಡುಗಿ ನನ್ನ ಕಿವಿಗೆ, "ಕಡಲೆ ಅಲ್ಲ, ಬಟಾಣಿ, ಟೀಚರಿಗೆ ಏನೂ ಗೊತ್ತಿಲ್ಲ" ಎನ್ನುತ್ತಿದ್ದಳು. ಬರಬರುತ್ತ ಆ ಪಿಸುಮಾತು ನನ್ನ ಕಿವಿಯಿಂದ ದೂರ ಹೋಗುತ್ತ ಹೋಗುತ್ತ ಇಬ್ಬರಿಗೂ ಕೇಳಿಸುವಷ್ಟು ದೊಡ್ಡದಾಯಿತು.

ಒಂದು ದಿನ ಸ್ವೀಜಲ್ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಎದ್ದೆ. "ಮಿಂಗೆಲ್ ಈರುಳ್ಳಿ ಕೇಳ್ತಿದ್ದಾನೆ" ಎಂದು ಮುಂದಕ್ಕೆ ಬಂದೆ. ಮಿಂಗೆಲ್ ಕೇಳಿರಲಿಲ್ಲ.

"ತಿಯಾ," ಎಂದು ಹಿಂದಿನಿಂದ ಕರೆದಳು ಹುಡುಗಿ.

ನಾನು ತಕ್ಕಡಿ ಹಿಡಿದೆ.

"ತಿಯಾ!"

ಅಯ್ಯೋ ದೇವರೇ, ಆ ಕೂಗು! ಹೋಗಿ ಎತ್ತಿಕೊಂಡುಬಿಡಲೇ ಎನ್ನಿಸಿತು. ಈ ಟೀಚರನ್ನೂ, ಡಾಕ್ಟರಮ್ಮನನ್ನೂ, ಅವರ ಉಪಾಯವನ್ನೂ ಕಡಲಿಗೆ ಹಾಕಿ ಬಿಡಲೇ ಎನ್ನಿಸಿತು. ಮಿಂಗೆಲ್ ಏನೋ ಹೇಳಲು ಬಾಯಿ ತೆರೆದ. "ಉಸಿರೆತ್ತಿದ್ರೆ ನೋಡು," ಎಂದು ಮೆಲ್ಲಗೆ ಹಲ್ಲು ಕಚ್ಚಿದೆ. ಅವನು ಬಾಯಿ ಮುಚ್ಚಿದ. ಈರುಳ್ಳಿಯ ಮೇಲೆ ಈರುಳ್ಳಿ ಹಾಕುತ್ತಲೇ ಹೋದೆ. ಒಳಗೆ ಸದ್ದೇ ಇಲ್ಲ. ಸ್ವೀಜಲ್ ಕೂಡ ಸುಮ್ಮನೆ ಕಾಯುತ್ತಿದ್ದಳು.

ಆಮೇಲೆ ಸಣ್ಣದೊಂದು ದನಿ: "ಹೆಸರುಕಾಳು."

"ಹೌದಲ್ಲ!" ಎಂದಳು ಸ್ವೀಜಲ್, ದಿನಾ ಕೇಳುವ ಮಾತಿಗೆ ಉತ್ತರ ಕೊಟ್ಟಷ್ಟೇ ಸರಾಗವಾಗಿ.

"ಈಗ ನಿಮ್ಮ ಸರದಿ," ಎಂದಿತು ದನಿ.

ಮಿಂಗೆಲ್ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಅಂದುಕೊಳ್ಳಿ. ಹೊಟ್ಟೆಯುರಿಯೂ ಇತ್ತು, ಮುಚ್ಚಿಟ್ಟು ಏನಾಗಬೇಕು? ಆ ದನಿ ನನ್ನದಾಗಿತ್ತು. ಇನ್ನು ಮುಂದೆ ಅದನ್ನು ಹಂಚಿಕೊಳ್ಳಬೇಕು.

ಮುಂದಿನದು ಶಾಲೆ. ಟೀಚರ್ ನನ್ನ ಡಬ್ಬಿಗಳನ್ನೇ ಅಲ್ಲಿಗೆ ಹೊತ್ತುಕೊಂಡು ಹೋದಳು. ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ಖಾಲಿ ಕ್ಲಾಸಿನಲ್ಲಿ ನಾವು ಮೂವರೇ ಆಡುತ್ತಿದ್ದೆವು. ನಾನು ಅಂಗಡಿ ತಡವಾಗಿ ತೆಗೆಯತೊಡಗಿದೆ, ಜನ ಬೈದರು, ಬೈಯಲಿ ಎಂದೆ. ಕೆಲವು ದಿನಕ್ಕೆ ಅವಳ ಪಕ್ಕದವಳು ಮೆಲ್ಬಾ, ಆ ರಬ್ಬರು ತಿನ್ನುವವಳು, ಆಟಕ್ಕೆ ಸೇರಿದಳು. ಅಲ್ಜೀರಾ ಮತ್ತೆ ಮೂರು ದಿನ ಕಲ್ಲು. ಮೆಲ್ಬಾ ಡಬ್ಬಿಯೊಳಗಿನ ಕಡಲೆಯನ್ನೇ ತಿನ್ನತೊಡಗಿದಾಗ ಅಲ್ಜೀರಾ ತಡೆಯಲಾರದೆ, "ತಿನ್ಬೇಡ, ಅದು ನಮ್ಮ ತಿಯಾದು!" ಎಂದು ಕೂಗಿಬಿಟ್ಟಳು.

ಅಂದಿನಿಂದ ನನ್ನ ಕುರ್ಚಿ ಬಾಗಿಲ ಹತ್ತಿರಕ್ಕೆ ಹೋಯಿತು. ಆಮೇಲೆ ಜಗಲಿಗೆ. ಜಗಲಿಯಲ್ಲಿ ಕುಳಿತರೆ ಒಳಗಿನ ಮಾತು ಪೂರ್ತಿ ಕೇಳುವುದಿಲ್ಲ, ನಗು ಮಾತ್ರ ಕೇಳುತ್ತದೆ. ಆಮೇಲೆ ಗೇಟಿನ ಹೊರಗೆ, ಹುಣಸೆಮರದ ಬುಡಕ್ಕೆ. ಅಲ್ಲಿಗೆ ನಗುವೂ ಬರುವುದಿಲ್ಲ. ನಾನು ಗೇಟಿನ ಸರಳು ಹಿಡಿದು, ಒಳಗೆ ಏನು ಹೇಳುತ್ತಿರಬಹುದು ಎಂದು ಯೋಚಿಸುತ್ತ ನಿಲ್ಲುತ್ತಿದ್ದೆ. ಮೀನಿನ ರೆಪ್ಪೆಯ ವಿಷಯ ಟೀಚರಿಗೆ ಹೇಳಿರಬಹುದೇ? ಅದು ನನಗೆ ಹೇಳಿದ್ದಾಗಿತ್ತು.

ಒಂದು ಬೆಳಿಗ್ಗೆ ಸ್ವೀಜಲ್ ಗೇಟಿನ ಹತ್ತಿರ ಬಂದಳು. ಕೈಯಲ್ಲಿ ನನ್ನ ಡಬ್ಬಿಗಳ ಚೀಲ. "ತಿಯಾ, ನಿನ್ನೆ ಅವಳೇ ಕೈ ಎತ್ತಿ 'ಟೀಚರ್, ಹೊರಗೆ ಹೋಗ್ಬೇಕು' ಅಂದಳು. ಎಲ್ಲರ ಮುಂದೆ!"

"ದೇವರು ದೊಡ್ಡವನು."

"ಅದಕ್ಕೇ..." ಅವಳು ಚೀಲ ನನ್ನ ಕೈಗಿಟ್ಟಳು. "ನಾಳೆಯಿಂದ ನೀವು ಬರೋದು ಬೇಡ."

"ಬರಲ್ಲ ಬಿಡಿ. ನನಗೇನು ಅಂಗಡಿ ಇಲ್ವಾ? ಇಲ್ಲಿ ಸೊಳ್ಳೆ ಹೊಡೀತಾ ನಿಂತ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡು ಬಂದೆ.

ಈಗ ಶಾಲೆ ಬಿಟ್ಟ ಮೇಲೆ ಅಲ್ಜೀರಾ ಹಿತ್ತಲ ಬಾಗಿಲಿನಿಂದ ಬರುತ್ತಾಳೆ, ಚೀಲ ಬಿಸಾಕುತ್ತಾಳೆ, ನಿಂತೇ ನೀರು ಕುಡಿಯುತ್ತಾಳೆ. "ಕೂತ್ಕೋ ಬಾಯ್, ನನ್ನ ಪುಟ್ಟಿ, ಇವತ್ತೇನಾಯ್ತು ಹೇಳು," ಎಂದರೆ, "ಆಮೇಲೆ ತಿಯಾ, ಮೆಲ್ಬಾ ಕಾಯ್ತಿದ್ದಾಳೆ," ಎಂದು ಓಡುತ್ತಾಳೆ. ಆ ಆಮೇಲೆ ಬರುವ ಹೊತ್ತಿಗೆ ಜೊವಿತಾಳ ಬಸ್ಸು ಬಂದಿರುತ್ತದೆ.

ಹೋದ ಶುಕ್ರವಾರ ಸಂಜೆಗಂಟೆ ಬಾರಿಸಿತು. ಮಿಂಗೆಲ್ ಬೆಂಚಿನಿಂದೆದ್ದು ಟೋಪಿ ತೆಗೆದು ನಿಂತ. ನಾನು ಗಲ್ಲೆಯ ಹಿಂದೆ ನಿಂತು ಪ್ರಾರ್ಥನೆ ಹೇಳಿಕೊಂಡೆ. ಶಿಲುಬೆಕಟ್ಟೆಯಲ್ಲಿ ಆಡುತ್ತಿದ್ದ ಮಕ್ಕಳು ಸುಮ್ಮನಾಗಿ, ಮತ್ತೆ ಗದ್ದಲವೆಬ್ಬಿಸುತ್ತ ರಸ್ತೆಗಿಳಿದರು. ಬೆಸಾಂವ್ ದೀ, ಬೆಸಾಂವ್ ದೀ ಎಂದು ಎಲ್ಲ ಒಟ್ಟಿಗೆ. ಆ ಗುಂಪಿನಿಂದ ಒಂದು ದನಿ ಬೇರೆಯಾಗಿ ಬಂತು.

"ಬೆಸಾಂವ್ ದೀ, ಮಿಂಗೆಲ್ ಶಾಪಾಯ್!"

ಶಾಪಾಯ್, ಅಜ್ಜ, ಎಂದು ಕರೆಸಿಕೊಂಡ ಮಿಂಗೆಲನ ಟೋಪಿ ಕೆಳಗೆ ಬಿತ್ತು. "ದೇವರು... ದೇವರು ಹರಸಲಿ ಮಗು, ದೇವರು ಹರಸಲಿ," ಎಂದು ತೊದಲಿದ. ಎಷ್ಟು ಸಲ ಹೇಳಿದನೋ.

ನಾನು ಕೈ ಒರೆಸಿಕೊಂಡು ಗಲ್ಲೆಯಿಂದ ಈಚೆಗೆ ಬಂದೆ. ನನಗೆ ಗೊತ್ತಿತ್ತು, ಮಿಕ್ಕವರೆಲ್ಲ ಹೋದ ಮೇಲೆ ಅವಳು ಮೆಟ್ಟಿಲು ಹತ್ತಿ ಬರುತ್ತಾಳೆ, ನಾನು ಬಗ್ಗುತ್ತೇನೆ. ಬಗ್ಗುವುದಕ್ಕೆ ಸೊಂಟಕ್ಕೆ ಕೈಯನ್ನೂ ಕೊಟ್ಟಿದ್ದೆ.

"ಬೆಸಾಂವ್ ದೀ, ತಿಯಾ!"

ರಸ್ತೆಯಿಂದಲೇ. ಮಿಂಗೆಲನಿಗೆ ಹೇಳಿದ್ದಷ್ಟೇ ಗಟ್ಟಿಯಾಗಿ. ಮೆಲ್ಬಾ ಕೈ ಹಿಡಿದು ಎಳೆದಳು, ಇಬ್ಬರೂ ನಗುತ್ತ ಮುಂದಿನ ಮನೆಯ ಮುದುಕಿಯ ಕಡೆಗೆ ಓಡಿದರು. ನಾನು ಮೆಟ್ಟಿಲಿಗೆ ಬರುವಷ್ಟರಲ್ಲಿ ಅವಳ ಜಡೆಯಷ್ಟೇ ತಿರುವಿನಲ್ಲಿ ಕಂಡಿತು.

ಬೆರಳೆತ್ತಿ ಗಾಳಿಯಲ್ಲಿ ಶಿಲುಬೆ ಬರೆದೆ. "ದೇವರು ಹರಸಲಿ, ನನ್ನ ಬಂಗಾರ," ಎಂದೆ.

"ಯಾರ ಹತ್ರ ಮಾತಾಡ್ತಿದ್ದೀಯ?" ಎಂದ ಮಿಂಗೆಲ್, ಕಣ್ಣೊರೆಸಿಕೊಳ್ಳುತ್ತ.

"ನಿನ್ನ ಹತ್ರ ಅಲ್ಲ. ಮನೆಗೆ ಹೋಗು."

"ಕೇಳಿಸ್ಕೊಂಡ್ಯಾ, ಎರ್ಮೆಲಿಂದಾ? ಮೊದಲು ನನಗೇ ಹೇಳಿದ್ದು! ಆಮೇಲೆ ನಿನಗೆ! ಎಲ್ಲಾ ಆ ಪೇರಲೆಹಣ್ಣಿನ ಪ್ರಭಾವ ನೋಡು!"

"ಹೌದಪ್ಪ, ಪೇರಲೆಹಣ್ಣೇ," ಎಂದೆ. ಜಗಳವಾಡುವ ಮನಸ್ಸಿರಲಿಲ್ಲ. ಅವನು ಒಂದು ಮೇಣದ ಬತ್ತಿ ಕೊಂಡು, ಶಿಲುಬೆಯ ಬುಡದಲ್ಲಿ ಹಚ್ಚಿಟ್ಟು, ಸಿಳ್ಳೆ ಹಾಕುತ್ತ ಹೋದ.

ನಾನು ಗಲ್ಲೆಯ ಹಿಂದೆ ಹೋಗಿ ಆ ಸೋಪಿನ ಪೆಟ್ಟಿಗೆಯ ಮೇಲೆ ಕುಳಿತೆ. ಮಂಡಿ ಗದ್ದಕ್ಕೆ ತಾಗಿತು. ಅಲ್ಲಿ ಕುಳಿತರೆ ರಸ್ತೆ ಕಾಣುವುದಿಲ್ಲ, ಗಿರಾಕಿಗಳ ಮುಖವೂ ಕಾಣುವುದಿಲ್ಲ. ಗಲ್ಲೆಯ ಹಲಗೆ, ಮೇಲೆ ಚೊರೀಸ್ ಸರ, ಅಷ್ಟೇ. ಇಷ್ಟು ದಿನ ಅವಳಿಗೆ ಇಲ್ಲಿಂದ ಕಾಣುತ್ತಿದ್ದವಳು ನಾನೊಬ್ಬಳೇ.

ಮುಂದೆ ಯಾರದೋ ಚಪ್ಪಲಿ ಸದ್ದಾಯಿತು. "ತಿಯಾ, ಒಂದು ಕಿಲೋ ಸಕ್ಕರೆ... ತಿಯಾ, ಇದ್ದೀರಾ?" ಎಂದು ಕೂಗಿದರು.

ನಾನು ಸುಮ್ಮನೆ ಕುಳಿತೇ ಇದ್ದೆ.